ಹದಿನೇಳನೇ ನಂಬರಿನ ಕಾಗದ

ಹದಿನಾರು ಆದ ಮೇಲೆ ಹದಿನೆಂಟು ಬಂತು.

ಮಡಿಕೆಯಕ್ಕನ ಕೈ ನಿಂತಿತು. ಎಡಗಡೆಯ ಕಟ್ಟನ್ನು ತಿರುವಿದಳು, ಬಲಗಡೆ ಮಡಚಿಟ್ಟಿದ್ದನ್ನು ತಿರುವಿದಳು, ಬಗ್ಗಿ ಮೇಜಿನಡಿಯೂ ನೋಡಿದಳು. ಹದಿನೇಳು ಇಲ್ಲ. ಹದಿನೇಳು ಎಂದರೆ ಅವಳ ಮನೆ.

ಸರ್ಕಾರದ ಕಾಗದಗಳನ್ನು ಮಡಚಿ, ಕಿಟಕಿ ಇರುವ ಲಕೋಟೆಗೆ ತುಂಬಿ, ಅಂಟಿಸಿ ಟಪಾಲಿಗೆ ಕೊಡುವ ಗುತ್ತಿಗೆ ಅವಳು ಕೆಲಸ ಮಾಡುವ ಶೆಡ್ಡಿನದು. ಮೂರು ಮಡಿಕೆ ಮಾಡಿದರೆ ವಿಳಾಸ ಸರಿಯಾಗಿ ಕಿಟಕಿಯಲ್ಲಿ ಇಣುಕಬೇಕು. ಇವಳು ಮಡಚಿದ್ದು ಕೂದಲೆಳೆಯಷ್ಟೂ ಆಚೀಚೆ ಆಗದು, ಅದಕ್ಕೇ ಆ ಹೆಸರು. ಮನೆಯ ಮಡಕೆ ಖಾಲಿಯಿದ್ದರೂ ಕೈಯ ಮಡಿಕೆ ತಪ್ಪಿದ್ದಿಲ್ಲ. ಈ ವಾರದ ಕಾಗದದಲ್ಲಿ ಇದ್ದದ್ದು ಇಷ್ಟೇ: ಕೇಂದ್ರದ ಬಜೆಟ್ಟಿನಲ್ಲಿ ಆಹಾರ ನೆರವು ಕಡಿತವಾಗಿದೆ, ಮುಂದಿನ ತಿಂಗಳಿಂದ ನಿಮ್ಮ ಊಟದ ಕಾರ್ಡಿಗೆ ಅರ್ಧ ಮಾತ್ರ. ಕಾಗದ ಬಾರದವರು ಬಚಾವು. ಕಡಿಯಲು ಏನೂ ಇಲ್ಲದ ಮನೆಯನ್ನೇ ಹುಡುಕಿಕೊಂಡು ಹೋಗಿ ಕಡಿತ ಮಾಡುವುದು ದೊಡ್ಡವರಿಗೆ ಮಾತ್ರ ಒಲಿದ ವಿದ್ಯೆ.

ಕಾಗದಗಳು ಬರುವುದು ಬೀದಿ ಪ್ರಕಾರ, ಬೀದಿಯೊಳಗೆ ಮನೆ ನಂಬರಿನ ಪ್ರಕಾರ. ಮೂರು ದಿನದಿಂದ ಬೇರೆಯವರ ಬೀದಿಗಳನ್ನೆಲ್ಲ ಮಡಚುತ್ತ, ತನ್ನ ಬೀದಿ ಯಾವಾಗ ಬರುತ್ತದೋ ಎಂದು ಜೀವ ಕೈಯಲ್ಲಿ ಹಿಡಿದುಕೊಂಡಿದ್ದಳು. ಇವತ್ತು ಬಂತು. ಹದಿನೈದು, ಮೂಲೆಮನೆ ಬಡಗಿ. ಹದಿನಾರು, ಮೆಟ್ಟಿಲ ಮೇಲೆ ಕೂತು ಸ್ವೆಟರ್ ಹೆಣೆಯುವ ಅಜ್ಜಿ.

ಪಕ್ಕದ ಮೇಜಿನಲ್ಲಿ ಲಕೋಟೆಗೆ ಅಂಟು ಹಚ್ಚುವವಳು ಅಂಟಕ್ಕ. ಅಂಟು ಹಿಡಿದ ಕೈ, ಎಲ್ಲರ ಜೊತೆಗೂ ನಂಟು.

"ಏನೇ ಅದು ಹುಡುಕ್ತಿರೋದು?"

"ನಮ್ಮನೇದು ಇಲ್ಲ ಕಣೇ."

"ಇಲ್ದೇ ಇರೋದನ್ನ ಯಾಕೆ ಹುಡುಕ್ತೀಯ ಹುಚ್ಚಿ? ಕಡಿಯೋ ನಾಯಿ ನಿಮ್ಮನೆ ಮರೆತು ಮುಂದೆ ಹೋದ್ರೆ, ಹಿಂದಿಂದ ಓಡಿಹೋಗಿ ವಿಳಾಸ ಕೊಡ್ತೀಯಾ? ಸುಮ್ನೆ ಮಡಚು."

ಮಡಚಿದಳು. ಆದರೆ ಮನಸ್ಸು ಮಡಚಿದಲ್ಲಿ ಕೂರುವ ಕಾಗದವಲ್ಲವಲ್ಲ, ಮನೆಗೆ ಓಡಿತು. ಕಡಿತದ ಸುದ್ದಿ ಹಬ್ಬಿದಾಗಿನಿಂದ ಅಲ್ಲಿ ಎಲ್ಲದಕ್ಕೂ ಕೈಹಿಡಿತ. ಬೇಯಿಸಿದ ಮೊಟ್ಟೆ ಒಂದು, ಪಾಲು ಮೂರು. ಚಾಕುವಿಗೆ ಅಂಟಿ ವ್ಯರ್ಥವಾಗಬಾರದೆಂದು ಹೊಲಿಗೆ ದಾರ ಹಾಕಿ ಕತ್ತರಿಸುತ್ತಿದ್ದಳು. ಹಲ್ಲಿಲ್ಲದ ಅತ್ತೆಗೆ ಹಳದಿ ಹೆಚ್ಚಿರುವ ನಡುವಿನ ಪಾಲು, ಮಗಳಿಗೆ ದಪ್ಪ ತುದಿ. ಉಳಿದ ತುದಿ ಇವಳದು, ಅದೂ ಹೆಚ್ಚಿನ ದಿನ ಮಗಳ ತಟ್ಟೆಗೇ ಜಾರುತ್ತಿತ್ತು. ನಂಗೆ ಹಸಿವಿಲ್ಲ ಎಂದು ಸೊಸೆ, ನಂಗೂ ಇಲ್ಲ ಎಂದು ಅತ್ತೆ. ಒಬ್ಬರ ಸುಳ್ಳನ್ನು ಇನ್ನೊಬ್ಬರು ನಂಬಿದ ಹಾಗೆ ನಟಿಸುವುದರಲ್ಲಿ ಆ ಅತ್ತೆ-ಸೊಸೆಯ ಹೊಂದಾಣಿಕೆ ಇಡೀ ಬೀದಿಗೇ ಮಾದರಿ. ಇವಳ ಆಸೆಯೇನು ಆಕಾಶದಲ್ಲಿರಲಿಲ್ಲ. ಒಂದು ದಿನ ಮೂವರೂ ಒಟ್ಟಿಗೆ ಕೂತು, ಒಬ್ಬೊಬ್ಬರು ಒಂದೊಂದು ಇಡೀ ಮೊಟ್ಟೆಯನ್ನು, ಪಕ್ಕದವರ ತಟ್ಟೆಯ ಕಡೆ ನೋಡದೆ ತಿನ್ನಬೇಕು.

ಊಟದ ಬಿಡುವಿನಲ್ಲಿ ತಡೆಯಲಾರದೆ ಮನೆಗೆ ಫೋನ್ ಮಾಡಿದಳು. ಎತ್ತಿಕೊಂಡವಳು ಮಗಳು. ನಾಳೆ ಎಲ್ಲರಿಗೂ ಒಂದೊಂದು ಪೂರ್ತಿ ಮೊಟ್ಟೆ ಎಂದು ಇವಳು ಹೇಳಿದಳು.

"ಅಮ್ಮಾ, ನಂದರ ಸಿಪ್ಪೆ ನಾನೇ ಬಿಡಿಸ್ಕೋತೀನಿ. ನೀನು ಮುಟ್ಟಬೇಡ."

ಹಲ್ಲಿಲ್ಲದೋಳಿಗೆ ಪೂರ್ತಿ ಒಂದು ಯಾಕೆ ಎಂದು ಹಿಂದಿನಿಂದ ಅತ್ತೆ ಗೊಣಗಿದ್ದೂ ಕೇಳಿಸಿತು. ಬೇಡ ಎಂದು ಮಾತ್ರ ಅನ್ನಲಿಲ್ಲ.

ಸಂಜೆ ಕೆಲಸ ಬಿಟ್ಟಾಗ ಮೇಸ್ತ್ರಿ ಅವಳನ್ನು ತನ್ನ ಕೋಣೆಗೆ ಕರೆದ. ಬೆಳಗಿನಿಂದ ಸಂಜೆವರೆಗೆ 'ಬೇಗ, ಬೇಗ' ಎಂಬ ಒಂದೇ ಮಾತಿನಲ್ಲಿ ಸಂಸಾರ ಸಾಗಿಸುವ ಮನುಷ್ಯ, ಈಗ ನಿಧಾನವಾಗಿ ಡ್ರಾಯರ್ ಎಳೆದು ಒಂದು ಕಾಗದ ತೆಗೆದ. ಮಡಚಿರಲಿಲ್ಲ, ಲಕೋಟೆಯೂ ಇರಲಿಲ್ಲ. ವಿಳಾಸದ ಜಾಗದಲ್ಲಿ ಅವಳ ಬೀದಿ, ನಂಬರು ಹದಿನೇಳು.

"ನಮ್ಮ ಕೆಲಸದವರದ್ದೆಲ್ಲ ಮೊದ್ಲೇ ತೆಗೆದಿಟ್ಟಿದ್ದೆ ಕಣಮ್ಮ. ಕೈಗೇ ಕೊಟ್ಬಿಡಿ ಅಂತ ಮೇಲಿಂದ ಆರ್ಡರು. ಸ್ಟ್ಯಾಂಪ್ ಉಳಿಯುತ್ತಂತೆ."

ಮೂರು ದಿನ ಮಡಚಿ ಮಡಚಿ ಬಾಯಿಪಾಠವಾಗಿದ್ದ ಕಾಗದವನ್ನು ಅವಳು ಮೊದಲಿನಿಂದ ಕೊನೆಯವರೆಗೂ ಓದಿದಳು. ತನ್ನದರಲ್ಲಾದರೂ ಒಂದು ಪದ ಬೇರೆ ಇದ್ದೀತೇನೋ ಎಂದು. ಇರಲಿಲ್ಲ.

"ಮಧ್ಯಾಹ್ನಕ್ಕೆ ಮುಂಚೆ ಕೊಟ್ಟಿದ್ರೆ ಆಗ್ತಿತ್ತಲ್ಲ ಅಣ್ಣ," ಎಂದಳು.

ಮೇಸ್ತ್ರಿ ಸಹಿ ಹಾಕು ಎಂಬಂತೆ ಪುಸ್ತಕವನ್ನು ಮುಂದೆ ತಳ್ಳಿ, ಕಿಟಕಿಯಾಚೆ ಏನೋ ಇದೆಯೆಂಬಂತೆ ಅತ್ತ ಮುಖ ತಿರುಗಿಸಿದ. ಕಾಗದ ಬಂದ ಕೆಲಸದವರ ಹೆಸರಿಗೊಂದು ಅಂಕಣ, ಕೊಟ್ಟವರ ಸಹಿಗೊಂದು ಅಂಕಣ, ಪಡೆದವರ ಸಹಿಗೊಂದು ಅಂಕಣ. ಪೆನ್ನು ಹಿಡಿದು ಬಗ್ಗಿದವಳ ಕಣ್ಣು ಮೊದಲ ಸಾಲಿನಲ್ಲಿ ನಿಂತಿತು. ಅಲ್ಲಿದ್ದ ಹೆಸರು ಮೇಸ್ತ್ರಿಯದೇ. ಕೊಟ್ಟವರ ಅಂಕಣದಲ್ಲಿ ಅವನ ಸಹಿ ಉದ್ದ ಬಾಲ ಬಿಟ್ಟುಕೊಂಡು ಗೆರೆ ದಾಟಿ ಮೆರೆದಿತ್ತು. ಪಡೆದವರ ಅಂಕಣದಲ್ಲಿ ಅದೇ ಸಹಿ, ಬಾಲ ಒಳಗೆ ಮಡಚಿಕೊಂಡು, ಒಂದು ಮೂಲೆಯಲ್ಲಿ ಮುದುಡಿ ಕೂತಿತ್ತು.