ಬೈಲಕುಪ್ಪೆಯ ಕಪ್ಪು ಗುಳಿಗೆ

“ಅಗಿದೇ ನುಂಗಬೇಕು ಕಾಕಾ, ಖಾಲಿ ಹೊಟ್ಟೆಗೆ,” ಎಂದು ಪಕ್ಕದ ಗ್ಯಾರೇಜಿನ ನವಾಂಗ್ ಕಡಲೆಕಾಳಿನಷ್ಟು ದಪ್ಪದ ಕಪ್ಪು ಗುಳಿಗೆಯನ್ನು ಮಮ್ಮಾಲಿಯ ಅಂಗೈಗೆ ಹಾಕಿದ. “ಬೆಳಗಿಂದ ಉಪವಾಸ ಇದ್ದೀರಲ್ಲ, ಇದಕ್ಕಿಂತ ಖಾಲಿ ಹೊಟ್ಟೆ ಎಲ್ಲಿ ಸಿಗುತ್ತೆ?”

ಸಂಜೆಯ ಬಾಂಗಿಗೆ ಇನ್ನೂ ಹತ್ತು ನಿಮಿಷವಿತ್ತು. ಕುವೈತಿನ ಶುವೈಖಿನ ಆ ಮೆಸ್ಸಿನಲ್ಲಿ ಹದಿನೆಂಟು ವರ್ಷದಿಂದ ಒಲೆಯ ಮುಂದೆ ನಿಂತವನು ಮಮ್ಮಾಲಿ. ಅಡುಗೆಯವರ ಹೆಲ್ತ್ ಕಾರ್ಡಿನ ಪರೀಕ್ಷೆಯಲ್ಲಿ ಈ ಸಲ ಅವನ ಹೊಟ್ಟೆಯಲ್ಲಿ ಹುಳ ಕಂಡಿತ್ತು. ಕ್ಲಿನಿಕ್ಕಿನ ಮಾತ್ರೆ ಮುಗಿದರೂ ಹೊಟ್ಟೆಯ ನುಲಿತ ನಿಂತಿರಲಿಲ್ಲ. ಭಾನುವಾರ ಮರುಪರೀಕ್ಷೆ. ಮತ್ತೆ ಹುಳ ಕಂಡರೆ ಕಾರ್ಡು ಖಲಾಸ್, ಕೆಲಸವೂ ಖಲಾಸ್.

“ಇದ್ರಲ್ಲಿ ಎಂತೆಲ್ಲ ಉಂಟು ಮಾರಾಯಾ? ಸಾರಾಯಿ ಗೀರಾಯಿ ಇದ್ರೆ ನಂಗೆ ಬೇಡ. ಉಪವಾಸ ಬಿಡುವ ಹೊತ್ತು.”

ನವಾಂಗನಿಗೂ ಗೊತ್ತಿರಲಿಲ್ಲ. ಪೊಟ್ಟಣದ ಮೇಲೆ ಟಿಬೆಟಿನ ಅಕ್ಷರದಲ್ಲಿ ಔಷಧಿಯ ಹೆಸರೊಂದೇ ಇತ್ತು. ಬೈಲಕುಪ್ಪೆಯ ಕ್ಯಾಂಪಿನಿಂದ ಅದನ್ನು ಕಳಿಸಿದ ಅಮ್ಮನಿಗೇ ಫೋನು ಹಚ್ಚಿ, ಸ್ಪೀಕರ್ ಹಾಕಿ ಕೇಳಿದ. ಚಳಿಗಾಲ ಬಂದರೆ ಮಂಗಳೂರಿನ ಫುಟ್‌ಪಾತಿನಲ್ಲಿ ಸ್ವೆಟರ್ ಮಾರುತ್ತಿದ್ದ ಹೆಂಗಸು. ಚೌಕಾಸಿಯಲ್ಲೇ ಪಳಗಿದ ಕನ್ನಡ.

“ಸಾರಾಯಿ ಇಲ್ಲ ಅಣ್ಣಾ, ಕೇಳೇ ತಗೊಂಡೆ. ದಾಳಿಂಬೆ ಬೀಜ, ಹಿಪ್ಪಲಿ, ಏಲಕ್ಕಿ. ಹುಳಕ್ಕೆ ಅಂತ ವಾಯುವಿಳಂಗ.”

“ವಾಯುವಿಳಂಗವಾ? ನಮ್ಮ ಉಮ್ಮ ಅದ್ರದ್ದೇ ಕಷಾಯ ಕುಡಿಸ್ತಿದ್ದದ್ದು. ಮೂಗು ಹಿಡಿದು!”

“ಈಗ ನೀವೇ ಹಿಡ್ಕೊಳ್ಳಿ.”

ಬಾಂಗ್ ಕೇಳಿತು. ಮಮ್ಮಾಲಿ ಬಿಸ್ಮಿ ಹೇಳಿ, ಖರ್ಜೂರಕ್ಕೂ ಮೊದಲು ಗುಳಿಗೆ ಕಡಿದ. ಕಹಿ ನೆತ್ತಿಗೇರಿತು. ಬಿಸಿನೀರು ಕುಡಿದು ಸುಧಾರಿಸಿಕೊಂಡ ಮೇಲೆ ಇನ್ನೊಂದು ಅನುಮಾನ ಹುಟ್ಟಿತು.

“ಅಲ್ಲ ತಂಗಿ, ನಾಡಿ ನೋಡದೆ ನಿಮ್ಮ ವೈದ್ಯರು ಮದ್ದು ಕೊಡುವುದಿಲ್ಲ ಅಂತ ಇವ ಹೇಳ್ತಾನೆ. ನನ್ನ ಕೈ ಕುವೈತಲ್ಲಿ ಉಂಟಲ್ಲ?”

ಆ ಕಡೆ ಅವಳು ನಕ್ಕಳು. “ನನ್ನ ಕೈಯನ್ನೇ ಚಾಚಿದೆ ಅಣ್ಣಾ. ನಂಗೇ ಹೊಟ್ಟೆನೋವು ಅಂತ ಸುಳ್ಳು ಹೇಳ್ದೆ. ವೈದ್ಯರು ಸುಮಾರು ಹೊತ್ತು ನಾಡಿ ಹಿಡ್ಕೊಂಡಿದ್ದು, ‘ನಿನ್ನ ಹೊಟ್ಟೆ ಚೆನ್ನಾಗೇ ಇದೆಯಲ್ಲಮ್ಮ, ನೋವು ಯಾರದು?’ ಅಂದ್ರು. ‘ನನ್ನ ಮಗನಿಗೆ ಅನ್ನ ಹಾಕೋರದು’ ಅಂದೆ.”