ಟೇಪಿನಲ್ಲಿದ್ದ ಚಪ್ಪಾಳೆ

ನಲವತ್ತು ವರ್ಷ ಹಿಂದಿನ ಶೋ ಒಂದರ ಟೇಪಿನಿಂದ, ಉದ್ದುದ್ದ ಹಾಡುಗಳ ಪ್ರೋಗ್ರೆಸಿವ್ ರಾಕ್ ತಂಡವೊಂದರ ಲೈವ್ ಆಲ್ಬಮ್ ಹೊರಬರುವುದರಲ್ಲಿತ್ತು. ಆ ಶೋ ಮುಗಿದ ಮರುದಿನವೇ ಹೆಂಡತಿಯನ್ನೂ ಐದು ವರ್ಷದ ಮಗಳನ್ನೂ ಬಿಟ್ಟು ತಂಡದ ಜೊತೆ ಹೊರಟುಹೋಗಿದ್ದ ಗಿಟಾರಿಸ್ಟ್, ಈಗ ಆ ಮಗಳನ್ನೇ ಸ್ಟುಡಿಯೋಗೆ ಕರೆಸಿಕೊಂಡಿದ್ದ.

ಇಪ್ಪತ್ತೆರಡು ನಿಮಿಷದ ಹಾಡು ಮುಗಿದು ಚಪ್ಪಾಳೆ ಭೋರ್ಗರೆಯಿತು.

"ಕೇಳಿದ್ಯಾ? ಇಷ್ಟು ಜನ ಕರೀತಿರುವಾಗ ಮನೇಲಿ ಕೂರೋಕಾಗ್ತಿತ್ತಾ, ನೀನೇ ಹೇಳು."

ಮಗಳು ಮೊದಲ ಸಲ ಮೆತ್ತಗಾದಳು. "ಇಷ್ಟು ಜನ ಇದ್ರು ಅಂತ ಅಮ್ಮ ಸಾಯೋವರೆಗೂ ಹೇಳ್ಲಿಲ್ಲಪ್ಪ."

ಟೇಪು ಸರಿಪಡಿಸಿದ ಎಂಜಿನಿಯರ್ ಹೆಮ್ಮೆಯಿಂದ ತಿರುಗಿದ.

"ಆ ಚಪ್ಪಾಳೆ ನಾವು ಸೇರ್ಸಿದ್ದು ಸಾರ್. ಹಾಡು ಮುಗಿಯೋಷ್ಟರಲ್ಲಿ ಹಾಲ್ ಖಾಲಿಯಾಗಿತ್ತು ಅನ್ಸುತ್ತೆ. ಟೇಪಲ್ಲಿ ಒಬ್ಬರೇ ಹೆಂಗಸು ಚಪ್ಪಾಳೆ ತಟ್ತಿದ್ರು, ಪಕ್ಕದಲ್ಲಿ ಒಂದು ಮಗು ಅಪ್ಪಾ ಅಪ್ಪಾ ಅಂತಿತ್ತು. ಕೇಳೋಕೆ ಚೆನ್ನಾಗಿರ್ಲಿಲ್ಲ, ಅಳಿಸ್ಬಿಟ್ವಿ."