ಕಿಟಕಿಯೆದುರಿನ ಹುಲ್ಲು

ಉರಿಬಿಸಿಲಿನಲ್ಲಿ ಗಂಡ ಯೂರಿಯಾ ಚೀಲ ಹೊತ್ತು ಅಂಗಳಕ್ಕೆ ಇಳಿದಾಗ ಅವಳಿಗೆ ಕಿರುಚಬೇಕೆನಿಸಿತು. ಒಣಗಿದ ನೆಲ, ಮಟಮಟ ಮಧ್ಯಾಹ್ನ, ಹಿಡಿಗಟ್ಟಲೆ ಯೂರಿಯಾ. ಹುಲ್ಲು ಸುಟ್ಟುಹೋಗಲು ಇನ್ನೇನು ಬೇಕು? ಅವಳು ಬಾಯಿ ತೆರೆದಳು. 'ಆ' ಎಂಬ ದನಿ ಬಂತು, ಅಷ್ಟೇ.

ನಾಲ್ಕು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದು ಅವಳ ಬಲಗೈ, ಬಲಗಾಲು, ಮಾತು ಮೂರನ್ನೂ ಒಟ್ಟಿಗೆ ಕಿತ್ತುಕೊಂಡಿತ್ತು. ಬೇರೆಯವರು ಹೇಳಿದ್ದೆಲ್ಲ ಅರ್ಥವಾಗುತ್ತದೆ. ತಲೆಯೊಳಗೆ ಉತ್ತರ ತಯಾರಾಗಿರುತ್ತದೆ. ನಾಲಿಗೆಗೆ ಮಾತ್ರ ಸುದ್ದಿ ಮುಟ್ಟುವುದಿಲ್ಲ. ಎಡಗೈಗೆ ಸ್ಲೇಟು ಕೊಟ್ಟು ನೋಡಿದ್ದರು. ಅಕ್ಷರಗಳೂ ಕೈಕೊಟ್ಟಿದ್ದವು.

ಆ ಹುಲ್ಲು ಅವಳದು. ಇಪ್ಪತ್ತೆರಡು ವರ್ಷ ಗಿಡಗಳ ನರ್ಸರಿಯಲ್ಲಿ ದುಡಿದ ಅವಳಿಗೆ ಬೀದಿಯವರು ಹುಲ್ಲಮ್ಮ ಎಂದೇ ಹೆಸರಿಟ್ಟಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಆ ಬೀದಿಯದು ಕಪ್ಪು ಜಿಗುಟು ಮಣ್ಣು. ಮಳೆಗೆ ಅಂಟು, ಬೇಸಿಗೆಗೆ ಬಿರುಕು. ಅಕ್ಕಪಕ್ಕದವರು ಚಿತ್ರದಲ್ಲಿ ನೋಡಿ ಚಳಿಸೀಮೆಯ ನಯವಾದ ಹುಲ್ಲು ತಂದು ಹಾಕಿ, ಒಂದೇ ಬೇಸಿಗೆಯಲ್ಲಿ ಕಳೆದುಕೊಂಡು ಪೆಚ್ಚಾದರು. ಇವಳು ಒಂದು ಗೇಣು ಅಗೆದು, ಮರಳು, ಹಳೆ ಗೊಬ್ಬರ ಬೆರೆಸಿ, ಆ ನೆಲದ್ದೇ ಗರಿಕೆ ನೆಟ್ಟಳು. ವಾರಕ್ಕೆ ಎರಡೇ ಸಲ ನೀರು, ಅದೂ ಬೆಳಗ್ಗೆ, ಬೇರಿಗೆ ಇಳಿಯುವಷ್ಟು. ಬೇಸಿಗೆಯಲ್ಲಿ ತುದಿಯಷ್ಟೇ ಕತ್ತರಿಸಬೇಕು. ಈ ಕಾನೂನು ಮುರಿದವರಿಗೆ ಉಳಿಗಾಲವಿಲ್ಲ.

ಮುರಿಯುತ್ತಿದ್ದವನು ಗಂಡ ಒಬ್ಬನೇ. "ಚಪ್ಪಲಿ ಬಿಚ್ರೀ. ಕುರ್ಚಿ ಆಚೆ ಹಾಕ್ಕೊಳ್ರೀ. ಕಣ್ಣು ಕಾಣ್ಸಲ್ವಾ ನಿಮ್ಗೆ?" ಮೂವತ್ತು ವರ್ಷ ದಿನಾ ಬೈಸಿಕೊಂಡ. ಒಮ್ಮೆಯೂ ಎದುರಾಡಲಿಲ್ಲ.

ಈಗ ಅದೇ ಗಂಡ ಪ್ರತಿದಿನ ಅವಳ ಗಾಲಿಕುರ್ಚಿಯನ್ನು ಕಿಟಕಿಗೆ ತಳ್ಳಿ, ಪರದೆ ಪೂರ್ತಿ ಸರಿಸಿ, ಅಂಗಳಕ್ಕೆ ಇಳಿಯುತ್ತಾನೆ. ಮೊದಲ ವಾರ ಹುಲ್ಲನ್ನು ನೆಲಮಟ್ಟಕ್ಕೆ ಬೋಳಿಸಿದ. ಎರಡನೆಯ ವಾರ ಪೈಪು ಬಿಟ್ಟು ಕೆಸರೆಬ್ಬಿಸಿ, ಅದರಲ್ಲಿ ಬೂಟುಗಾಲಲ್ಲಿ ತಿರುಗಾಡಿದ. ಈಗ ಯೂರಿಯಾ. ಪ್ರತಿ ಸಲವೂ ಕಿಟಕಿಯತ್ತ ತಿರುಗಿ ಕೇಳುತ್ತಾನೆ.

"ಹೇಗಿದೆಯೇ? ಹೇಳೋದಿದ್ರೆ ಹೇಳು."

ಬೇಡ ಎಂದು ಅವಳು ಎಡಗೈ ಆಡಿಸಿದಳು.

"ಇನ್ನೂ ಸ್ವಲ್ಪ ಹಾಕ್ಲಾ? ಆಯ್ತು," ಎಂದು ಮತ್ತೊಂದು ಹಿಡಿ ಎರಚಿದ.

ದಡ್ಡತನ ಎಂದುಕೊಳ್ಳಲು ಅವಳು ಬಹಳ ಪ್ರಯತ್ನಪಟ್ಟಳು. ಆದರೆ ಅವನು ಗಡಿಯಾರ ರಿಪೇರಿಯವನು. ಸಾಸಿವೆಯಷ್ಟು ತಿರುಪನ್ನೂ ಜೀವಮಾನದಲ್ಲಿ ಕಳೆದವನಲ್ಲ.

ಎದುರುಮನೆಯ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಗೇಟಿನ ಹತ್ತಿರ ಬಂದು ನಿಂತರು.

"ಏನ್ರೀ ಇದು, ಬಿಸಿಲಲ್ಲಿ ಗೊಬ್ಬರ? ನಿಮ್ಮ ಮನೆಯವ್ರು ಯಾವತ್ತಾದ್ರೂ ಹೀಗೆ ಮಾಡೋಕೆ ಬಿಟ್ಟಿದ್ರಾ?"

"ಎಲ್ಲಿ ಬಿಡ್ತಿದ್ಲು, ಮೇಷ್ಟ್ರೇ. ಜೀವ ತೆಗೀತಿದ್ಲು," ಎಂದು ಗಂಡ ಚೀಲ ಪೂರ್ತಿ ಕೊಡವಿದ.

ಮೇಷ್ಟ್ರು ಕಿಟಕಿಯತ್ತ ಒಮ್ಮೆ ನೋಡಿ, ತಲೆ ತಗ್ಗಿಸಿ ಹೊರಟುಹೋದರು. ಆ ನೋಟದಲ್ಲಿದ್ದ ಕನಿಕರ ಅವಳಿಗೆ ಯೂರಿಯಾಕ್ಕಿಂತ ಹೆಚ್ಚು ಉರಿಯಿತು.

ಮರುದಿನ ಅವನು ಬಕೆಟ್ಟಿನಲ್ಲಿ ಉಪ್ಪುನೀರು ಕದಡಿ ತಂದ. ಉಪ್ಪಿನ ಪೊಟ್ಟಣವನ್ನು ಅವಳಿಗೆ ಕಾಣುವಂತೆಯೇ ಹರಿದಿದ್ದ. ಆಗ ಅವಳ ಅನುಮಾನ ಪೂರ್ತಿ ಕಳೆಯಿತು. ಇದು ಸೇಡು. ಮೂವತ್ತು ವರ್ಷ ನುಂಗಿಕೊಂಡಿದ್ದನ್ನೆಲ್ಲ ಈಗ ತೀರಿಸಿಕೊಳ್ಳುತ್ತಿದ್ದಾನೆ. ಕಳೆದ ತಿಂಗಳು ಡಾಕ್ಟರು ಅವನೊಬ್ಬನನ್ನೇ ಹೊರಗೆ ಕರೆದು ಬಹಳ ಹೊತ್ತು ಮಾತಾಡಿದ್ದರು. ಇವಳಿಗೆ ಇನ್ನು ಮಾತು ಬರುವುದಿಲ್ಲ ಎಂದೇ ಹೇಳಿರಬೇಕು. ಇದೆಲ್ಲ ಶುರುವಾದದ್ದು ಆಮೇಲೆಯೇ. ತಿರುಗಿ ಬೈಯಲಾರದವಳ ಮೇಲೆ ಯಾರಿಗೆ ತಾನೇ ಧೈರ್ಯ ಬರುವುದಿಲ್ಲ?

ಆದರೂ ಊಟಕ್ಕೆ ಅನ್ನ ಮೆತ್ತಗೆ ಕಲಸಿ ತುತ್ತು ತುತ್ತಾಗಿ ಉಣಿಸುತ್ತಿದ್ದ. ಬಾಯಿ ಒರೆಸುತ್ತಿದ್ದ. ಅದೇ ಅವಳಿಗೆ ಅಸಹ್ಯವಾಗಿತ್ತು. ಒಂದು ತುತ್ತನ್ನು ಅವಳು ಉಗಿದಳು. ಅವನು ಸರಕ್ಕನೆ ತಲೆಯೆತ್ತಿ ಅವಳ ತುಟಿಯನ್ನೇ ನೋಡುತ್ತ ಕೂತ. ಆಮೇಲೆ ನೆಲ ಒರೆಸಿದ.

ಭಾನುವಾರ ಅವನು ಗುದ್ದಲಿ ತಂದ. ಕಿಟಕಿಯ ಕೆಳಗೆ ಒಂದು ಚಾಪೆಯಗಲದಷ್ಟು ಹಸಿರು ಇನ್ನೂ ಉಳಿದಿತ್ತು. ಮನೆ ಕಟ್ಟಿದ ವರ್ಷ ಅವಳು ಮೊಟ್ಟಮೊದಲು ನೆಟ್ಟ ಜಾಗ ಅದು. ಅವನು ಗುದ್ದಲಿ ಎತ್ತಿ, ಅವಳ ಮುಖ ನೋಡುತ್ತ ಒಂದು ಕ್ಷಣ ಕಾದ. "ಇದೇ ಕೊನೇದು ಕಣೇ," ಎಂದ.

ಅವಳ ಎದೆಯಲ್ಲಿ ಬೈಗುಳಗಳು ಕಿಕ್ಕಿರಿದವು. ಕುತ್ತಿಗೆಯ ನರ ಉಬ್ಬಿತು. ಮತ್ತೆ ಅದೇ 'ಆ'.

ಗುದ್ದಲಿ ಇಳಿಯಿತು. ಬೇರುಸಮೇತ ಹುಲ್ಲು ಮಗುಚಿ ಬಿತ್ತು. ಕಣ್ಣು ಮುಚ್ಚಿಕೊಳ್ಳುವುದೊಂದೇ ಅವಳ ಕೈಲಿದ್ದದ್ದು. ಮುಚ್ಚಿಕೊಂಡಳು.

ಸ್ವಲ್ಪ ಹೊತ್ತಿಗೆ ಗುದ್ದಲಿಯ ಸದ್ದು ನಿಂತಿತು. ಕಣ್ಣು ತೆರೆದಾಗ ಗಂಡ ಕಿತ್ತ ಮಣ್ಣಿನ ಮೇಲೆಯೇ ಕುಕ್ಕರಿಸಿದ್ದ. ಮಣ್ಣಾದ ಕೈಯಲ್ಲಿ ಫೋನು ಹಿಡಿದಿದ್ದ. ತೆರೆದ ಕಿಟಕಿಯಿಂದ ಅವನ ಒಂದೊಂದು ಮಾತೂ ಕೇಳುತ್ತಿತ್ತು.

"ಡಾಕ್ಟ್ರೇ, ತುಂಬಾ ಸಿಟ್ಟು ಬಂದ್ರೆ ಮಾತು ತಾನಾಗೇ ಹೊರಗೆ ಬೀಳಬಹುದು ಅಂದ್ರಲ್ಲ... ಅವಳ ಜೀವದಂಥ ಹುಲ್ಲನ್ನೆಲ್ಲ ಅವಳ ಕಣ್ಣೆದುರೇ ಕೊಂದುಬಿಟ್ಟೆ, ಅವಳು ಇನ್ನೂ ಒಂದು ಸಲಾನೂ ಬೈದಿಲ್ಲ, ಇನ್ನೇನು ಹಾಳು ಮಾಡ್ಲಿ ಹೇಳಿ."